ಗಂಟು ಸಿಕ್ಕ ಮೇಲೆ ಬನ್ನಿ

ಅಕ್ಕನ ಎದೆಯಲ್ಲಿ ಗಂಟಿದೆ ಎಂದು ಗೊತ್ತಾದ ದಿನ ಇನ್ಶೂರೆನ್ಸ್ ಕಂಪನಿಯವರು ನಮ್ಮೊಂದಿಗೆ ಮೊದಲ ಸಲ ಪ್ರೀತಿಯಿಂದ ಮಾತಾಡಿದರು.

"ಚಿಂತೆ ಮಾಡ್ಬೇಡಿ ಸರ್, ಇದು ಫುಲ್ ಕವರ್ ಆಗುತ್ತೆ" ಎಂದಳು ಫೋನಿನ ಹುಡುಗಿ. (ಅಭಿನಂದನೆ ಹೇಳುವುದೊಂದು ಬಾಕಿ ಇತ್ತು.)

ನನ್ನಕ್ಕ ಶಾಂತಾ ಸುರಪುರದ ಖಾಸಗಿ ಶಾಲೆಯೊಂದರಲ್ಲಿ ಟೀಚರ್. ಭಾವ ತೀರಿಕೊಂಡಿದ್ದಾರೆ, ಅವಳಿಗೆ ಒಬ್ಬಳೇ ಮಗಳು. ಶಹಾಪುರದಲ್ಲಿರುವ ನಾನೇ ಮುಂದೆ ನಿಂತು ತಾಯಿ-ಮಗಳಿಬ್ಬರ ಹೆಸರಿಗೂ ಆರೋಗ್ಯ ವಿಮೆಯ ಪಾಲಿಸಿ ಮಾಡಿಸಿದ್ದೆ. ನಮ್ಮವ್ವ ಹೋಗಿದ್ದು ಸ್ತನ ಕ್ಯಾನ್ಸರಿನಿಂದ. ಅವ್ವನ ತಂಗಿ, ನಮ್ಮ ಚಿಕ್ಕವ್ವನೂ ಅದರಿಂದಲೇ.

ಇದನ್ನು ಕೇಳಿದ ಯಾದಗಿರಿಯ ಡಾಕ್ಟರಮ್ಮ ಅಕ್ಕನನ್ನು ಎದುರಿಗೆ ಕೂಡಿಸಿಕೊಂಡು ಹೇಳಿದ್ದರು: "ಮನ್ಯಾಗ ಇಬ್ಬರಿಗಿ ಆಗ್ಯದಂದ್ರ ನೀವು ಸುಮ್ನ ಕೂಡಬ್ಯಾಡ್ರಿ. ಕಲಬುರಗಿಗಿ ಹೋಗಿ ಮ್ಯಾಮೊಗ್ರಾಂ ಮಾಡಸ್ರಿ. ಗಂಟು ಕೈಗಿ ಹತ್ತೋಕಿಂತ ಮೊದ್ಲ ಅದ್ರಾಗ ಕಾಣ್ತದ."

ಪಾಲಿಸಿ ಇದೆಯಲ್ಲ? ಕಂಪನಿಯ ಆಫೀಸಿಗೆ ಹೋದೆ.

"ಅಕ್ಕಾವ್ರಿಗಿ ಏನರ ತ್ರಾಸ ಅದ ಏನ್ರಿ?" ಮ್ಯಾನೇಜರ್ ಕೇಳಿದರು.

"ಇಲ್ರಿ. ಆಗಬಾರ್ದಂತ ನೋಡಸಾಕತ್ತೀವಿ."

"ಹಂಗಂದ್ರ ಪಾಲಿಸ್ಯಾಗ ಬರಂಗಿಲ್ರಿ ಸರ್. ಗಂಟು ಸಿಕ್ಕ ಮ್ಯಾಲ ಬರ್ರಿ. ಆಗ ಏನೂ ತೊಂದ್ರಿ ಆಗಂಗಿಲ್ಲ."

ಏನೂ ತೊಂದರೆ ಆಗುವುದಿಲ್ಲವಂತೆ. ಯಾರಿಗೆ?

ನಾನು ಅಂಕಣ ಬರೆಯುವವನು ನೋಡಿ, ಸುಮ್ಮನಿರಲಾಗುತ್ತದೆಯೇ? ಪತ್ರ ಬರೆದೆ. ಇಮೇಲ್ ಕಳಿಸಿದೆ. ಮೇಲಿನವರಿಗೆ, ಅವರ ಮೇಲಿನವರಿಗೆ ದೂರು ಕೊಟ್ಟೆ. ಎಲ್ಲರಿಂದಲೂ ಅದೇ ಉತ್ತರ: ರೋಗಲಕ್ಷಣವಿಲ್ಲದ ತಪಾಸಣೆ ಪಾಲಿಸಿಗೆ ಒಳಪಡುವುದಿಲ್ಲ.

"ಹೋಗ್ಲಿ ಬಿಡು ತಮ್ಮಾ, ನಾವೇ ರೊಕ್ಕ ಕೊಟ್ಟು ಮಾಡಸ್ಕೊಂಡು ಬರೂಣು" ಎಂದಳು ಅಕ್ಕ.

"ಯಾಕ ಬಿಡಬೇಕು? ನಿನ್ನ ಹಕ್ಕು ಅದು. ಜರಾ ತಡಿ" ಎಂದೆ.

ಅಕ್ಕ ಕಾದಳು. ದಸರಾ ರಜೆ ಮುಗಿಯಿತು, ಸಂಕ್ರಾಂತಿ ಹೋಯಿತು. ನನ್ನ ಪತ್ರಗಳ ಭಾಷೆ ದಿನದಿನಕ್ಕೆ ಖಡಕ್ ಆಗುತ್ತಿತ್ತು. (ಎಷ್ಟು ಹೆಮ್ಮೆ ನನಗೆ!) ಒಂದು ಬೆಳಿಗ್ಗೆ ಅವಳ ಫೋನ್ ಬಂತು.

"ತಮ್ಮಾ, ಜಳಕ ಮಾಡುವಾಗ ಕೈಗಿ ಏನೋ ಹತ್ತಾಕತ್ತದ."

ಹೈದರಾಬಾದಿನಲ್ಲಿ ಆಪರೇಷನ್ ಆಯಿತು. ಆಮೇಲೆ ಕೀಮೋ. ಕಂಪನಿ ಮಾತಿಗೆ ತಪ್ಪಲಿಲ್ಲ, ಪೂರಾ ಕೊಟ್ಟಿತು. ಆರೇಳು ತಿಂಗಳು ಮೊದಲು ಬಂದಿದ್ದರೆ ಇಷ್ಟೊಂದು ತೆಗೆಯಬೇಕಾಗಿರಲಿಲ್ಲವೇನೋ ಎಂದು ಸರ್ಜನ್ ಮೆಲ್ಲಗೆ ಹೇಳಿದರು. ಆ ಮಾತು ಕಂಪನಿಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು.

ಅಕ್ಕ ಈಗ ಮತ್ತೆ ಶಾಲೆಗೆ ಹೋಗುತ್ತಾಳೆ. ಆಪರೇಷನ್ ಆದ ಕಡೆಯ ಬಲಗೈ ಭುಜದ ಮೇಲಕ್ಕೆ ಏಳುವುದಿಲ್ಲ. ಹಾಗಾಗಿ ಬೋರ್ಡಿನ ಕೆಳಗಿನ ಅರ್ಧದಲ್ಲಷ್ಟೇ ಬರೆಯುತ್ತಾಳೆ. ಹಿಂದಿನ ಬೆಂಚಿನವರು ಎದ್ದು ನಿಂತು ನೋಡಿ ಬರೆದುಕೊಳ್ಳುತ್ತಾರೆ.

ಅಕ್ಕ ನನ್ನನ್ನು ಒಂದು ಮಾತೂ ಅಂದಿಲ್ಲ. ಒಮ್ಮೆ ನಾನೇ ತಡೆಯಲಾರದೆ "ನಂದೇ ತಪ್ಪಕ್ಕ" ಎಂದೆ. "ನೀ ನನ್ನ ಸಲುವಾಗೇ ಜಗಳಾಡಿದಿ, ಬಿಡು" ಎಂದು ಚಹಾ ಮುಂದಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಮನೆಯಲ್ಲಿ ಮೂವರಿಗಾಯಿತು, ಅಕ್ಕನ ಮಗಳನ್ನೂ ತೋರಿಸಿ ಎಂದರು ಡಾಕ್ಟರು. ಈ ಸಲ ನಾನು ಯಾರ ಪರ್ಮಿಷನ್ನೂ ಕೇಳಲಿಲ್ಲ, ಯಾರಿಗೂ ಪತ್ರ ಬರೆಯಲಿಲ್ಲ. ಮರುದಿನವೇ ಹುಡುಗಿಯನ್ನು ಕರೆದುಕೊಂಡು ಕಲಬುರಗಿ ಬಸ್ಸು ಹತ್ತಿದೆ. ರಿಪೋರ್ಟ್ ಕ್ಲೀನ್ ಬಂತು. ಬಸ್‌ಸ್ಟ್ಯಾಂಡಿನಲ್ಲಿ ಅವಳು ತನ್ನವ್ವನಿಗೆ ಫೋನ್ ಮಾಡಿ, "ಏನಿಲ್ಲಂತ ಯವ್ವಾ" ಎಂದು ಹೇಳುತ್ತಲೇ ಅತ್ತುಬಿಟ್ಟಳು.

ಈ ‘ಏನಿಲ್ಲ’ ಎಂಬುದಕ್ಕೇ ಅಲ್ಲವೇ ನಾವು ಆರೋಗ್ಯ ಎನ್ನುವುದು? ಹಾಗಾದರೆ ‘ಆರೋಗ್ಯ ವಿಮೆ’ ಎಂದು ಹೆಸರಿಟ್ಟು ಇವರು ನಮಗೆ ಮಾರುತ್ತಿರುವುದು ಏನನ್ನು?