ಬಗ್ಗಿ ಬರ್ರಿ, ಅಧ್ಯಕ್ಷರ

ದೋಸ್ತರ, ಸವದತ್ತಿ ಸೈಬರ್ ಕೆಫೆದಾಗ ಕುಂತು ಇವತ್ತಿಂದು ಇವತ್ತಽ ಬರ್ಯಾಕ ಹತ್ತೇನಿ. ನಾಳಿಗೆ ನನಗಽ ಖರೇ ಅನಸಲಿಕ್ಕಿಲ್ಲ.

ನವಿಲುತೀರ್ಥ ಡ್ಯಾಮಿನ ಹಿನ್ನೀರು ಇಳದು, ಮುಳುಗಿದ್ದ ನಮ್ಮ ಹಳೇ ಊರಿನ ಪಾಯಾ ಎದ್ದು ಕಾಣಾಕ ಹತ್ತ್ಯಾವ. ಕುಡಿಯೂ ನೀರಿನ ಪಂಪು ಎಲ್ಲಿ ಕೂಡಸೂದು ಅಂತ ನೋಡಾಕ ಪಂಚಾಯ್ತಿ ಅಧ್ಯಕ್ಷರು, ನಾವು ಮೆಂಬರು ಮುಂಜಾನೆ ಹೋಗಿದ್ವಿ. ಗಂಗವ್ವಜ್ಜಿನೂ ಬೆನ್ನ ಹತ್ತಿ ಬಂದ್ಳು. ಒಂದು ಹೊಸ್ತಿಲ ಕಲ್ಲಿನ ಮುಂದ ನಿಂತು, "ಇದು ನಮ್ಮನಿ. ಬಾಗಲಾ ಗಿಡ್ಡ ಐತಿ, ಬಗ್ಗಿ ಬರ್ರಿ" ಅಂದ್ಳು.

ಗ್ವಾಡಿ ಇಲ್ಲ, ಚೌಕಟ್ಟಿಲ್ಲ, ಬರೇ ಕೆಸರು. ಅಜ್ಜಿ ಮನಸ್ಸು ನೋಯಿಸಬಾರದಂತ ನಾವು ನಕ್ಕೋತ ಬಗ್ಗಿದ್ವಿ. ಅಧ್ಯಕ್ಷರು ಸಿಟ್ಟಿಗೆದ್ರು. "ಗಾಳಿಗೆ ತಲಿ ಬಗ್ಗಸಂತೀಯೇನಬೇ?" ಅಂತ ಎದಿ ಸೆಟಿಸಿ ಹೊಸ್ತಿಲಾ ದಾಟಿದ್ರು.

ಕಟ್ಟಿಗಿಗೆ ಬಡದಂಗ ಸಪ್ಪಳಾತು. ಅಧ್ಯಕ್ಷರು ಹಣಿ ಹಿಡಕೊಂಡು ಕುಂತಬಿಟ್ರು. ಕೈ ತಗದ್ರ ರಕ್ತ.

ಅಜ್ಜಿ ಒಳಗ ಮುಖಾ ಮಾಡಿ, "ಹೊಸಬರು ಅದಾರ, ಗೊತ್ತಾಗಲಿಲ್ಲ, ಸಿಟ್ಟ ಮಾಡಬ್ಯಾಡ್ರಿ" ಅಂತ ಯಾರಿಗೋ ಹೇಳಿದ್ಳು.

ಪಂಪು ಬ್ಯಾರೆ ಕಡೆ ಕೂಡಸೂದಂತ ಅಲ್ಲೇ ಠರಾವಾತು. ನಮ್ಮ ಪಂಚಾಯ್ತಿಯೊಳಗ ಜಗಳಿಲ್ಲದ ಆದ ಠರಾವು ಇದೊಂದಽ. ಹೊರಗ ಬರೂವಾಗ ಅಧ್ಯಕ್ಷರು ಎಷ್ಟು ಬಗ್ಗಿದ್ರಂದ್ರ, ಮೂಗಿಗೆ ಕೆಸರು ಹತ್ತಿತ್ತು.