ಮೌಸಿನ ಮೇಲಿನ ಕುಂಕುಮ

ಕಂಪ್ಯೂಟರ್ ರಿಪೇರಿಗೆ ಬಂದರೆ ಬೀರಪ್ಪಣ್ಣ ಮೊದಲು ಅದರ ಡಬ್ಬಿಯ ಬೆನ್ನು ಚಪ್ಪರಿಸುತ್ತಿದ್ದ. ಗಲಗಲಿಯ ಕುರಿ ಸಾಕುವ ಮನೆತನದವನು. ಕುರಿ ಕೊಳ್ಳುವಾಗಲೂ ಹಾಗೇ ಬೆನ್ನು ಮುಟ್ಟಿ ನೋಡುತ್ತಾರಂತೆ. ಆಮೇಲೆ ಚಹಾ. ಅದು ಬರುವವರೆಗೆ ಸ್ಕ್ರೂಡ್ರೈವರ್ ಜೇಬಿನಿಂದ ಹೊರಬರುತ್ತಿರಲಿಲ್ಲ. ನನ್ನ ಚಹಾಕ್ಕೆ ಸಕ್ಕರೆ ಕಡಿಮೆಯೆಂದು ಪ್ರತಿ ಸಲ ದೂರಿ ಎರಡು ಕಪ್ ಕುಡಿಯುತ್ತಿದ್ದ.

ರಬಕವಿಯ ನಮ್ಮ ಮನೆಯಲ್ಲಿ ನಾಲ್ಕು ಮಗ್ಗ, ಒಂದು ಕಂಪ್ಯೂಟರ್. ಸೆರಗು, ಅಂಚಿನ ಡಿಸೈನುಗಳನ್ನು ನಾನು ಅದರಲ್ಲಿ ಬಿಡಿಸಿ, ಪರದೆಯ ಮೇಲೆಯೇ ಸಾಲಾಗಿ ಇಡುತ್ತಿದ್ದೆ. ಮಾವನವರ ಪಾಲಿಗೆ ಅದು ದಂಡದ ಡಬ್ಬಿ. ಇನ್ನೊಮ್ಮೆ ಕೆಟ್ಟರೆ ಮಾರಿಬಿಡುವುದು, ನಾನು ಮೊದಲಿನಂತೆ ಕಂಡಿಕೆಗೆ ನೂಲು ಸುತ್ತುವುದು ಎಂದು ತೀರ್ಮಾನಿಸಿಯೇ ಇದ್ದರು. ಆ ಕೆಲಸ ನೆನೆದರೆ ನನಗೆ ಮೈ ಉರಿಯುತ್ತಿತ್ತು.

ಒಂದು ಅಮಾವಾಸ್ಯೆ ಮಗ್ಗಗಳ ಪೂಜೆ ಮುಗಿಸಿದ ಮಾವನವರು, ದಂಡದ್ದಾದರೂ ಯಂತ್ರವೇ ತಾನೇ ಎಂದು, ಚಾಲೂ ಇದ್ದ ಕಂಪ್ಯೂಟರಿಗೂ ಪೂಜೆ ಮಾಡಿದರು. ಮೌಸನ್ನು ಒದ್ದೆ ಬಟ್ಟೆಯಿಂದ ತಿಕ್ಕಿ, ಒತ್ತಿ ಒತ್ತಿ ಕುಂಕುಮ ಹಚ್ಚಿದರು. ನಾನು ಬಂದು ನೋಡಿದರೆ ಪರದೆ ಖಾಲಿ. ಎರಡು ವರ್ಷದ ಡಿಸೈನುಗಳಲ್ಲಿ ಒಂದೂ ಇಲ್ಲ. ಮಾವನವರು ಆಗಲೇ ಗಿರಾಕಿ ಹುಡುಕುವ ಮಾತಾಡಿದರು. ನಾನು ಅಡುಗೆಮನೆ ಸೇರಿ ಕಣ್ಣೀರು ಹಾಕಿದೆ.

ಬೀರಪ್ಪಣ್ಣ ಬಂದ, ಬೆನ್ನು ಚಪ್ಪರಿಸಿದ, ಚಹಾ ಕುಡಿದ. ಮೌಸಿನ ಬಲಗುಂಡಿಯ ಮೇಲಿನ ಕುಂಕುಮ ನೋಡಿ, ಇದನ್ನು ಯಾರು ಹಚ್ಚಿದ್ದೆಂದು ಕೇಳಿದ. ಮಾವನವರು ಎದೆಯುಬ್ಬಿಸಿ ತಾವೇ ಎಂದರು. ಅವರಿಗೆ ಕೈಮುಗಿದು ಕಣ್ಣು ಮುಚ್ಚಲು ಹೇಳಿದವನೇ ಬಲಗುಂಡಿ ಒತ್ತಿ, ಮೂಡಿದ ಪಟ್ಟಿಯಲ್ಲಿ ಐಕಾನು ತೋರಿಸುವ ಸಾಲಿನಲ್ಲಿ, ಕುಂಕುಮ ಒತ್ತುವಾಗ ಅಳಿಸಿಹೋಗಿದ್ದ ಗುರುತನ್ನು ಮತ್ತೆ ಹಾಕಿದ. ನನ್ನ ಸೆರಗು, ಅಂಚುಗಳೆಲ್ಲ ಸಾಲಾಗಿ ಬಂದು ನಿಂತವು.

"ಕಳದಿದ್ದಿಲ್ಲ ತಂಗೆವ್ವ, ಮರೆಗೆ ನಿಂತಿದ್ವು" ಎಂದು ನನಗೆ ಮೆಲ್ಲಗೆ ಹೇಳಿ, ಮಾವನವರತ್ತ ತಿರುಗಿದ. "ಕಾಕಾರ, ನಿಮ್ಮ ಪೂಜಿ ಮುಟ್ಟೇತ್ರಿ. ಈ ಡಬ್ಬಿ ನಿಮ್ಮ ಮಾತ ಕೇಳತೈತಿ, ಮಾರಬ್ಯಾಡ್ರಿ."

ಸುಳ್ಳನ್ನು ಅಷ್ಟು ಭಕ್ತಿಯಿಂದ ಹೇಳಿದವರನ್ನು ನಾನು ಬೇರೆ ಕಂಡಿಲ್ಲ. ಅಂದಿನಿಂದ ಮಾವನವರ ಪೂಜೆ ಮಗ್ಗಕ್ಕಿಂತ ಮೊದಲು ಡಬ್ಬಿಗೆ. ಪ್ರತಿ ಅಮಾವಾಸ್ಯೆ ನಾನು ಸದ್ದಿಲ್ಲದೆ ಮೌಸಿನ ವೈರು ಕಿತ್ತಿಡುತ್ತಿದ್ದೆ.

ಕೆಲವು ವರ್ಷಗಳ ಮೇಲೆ ಲಕ್ವ ಹೊಡೆದು ಮಲಗಿದ್ದ ಬೀರಪ್ಪಣ್ಣನನ್ನು ನೋಡಲು ಗಲಗಲಿಗೆ ಹೋದೆ. ಅವನು ನನ್ನ ಗುರುತು ಹಿಡಿಯಲೇ ಇಲ್ಲ. ಅವರ ಅಡುಗೆಮನೆಯಲ್ಲೇ ಚಹಾ ಮಾಡಿ ಕುಡಿಸಿದೆ. ಒಂದು ಗುಟುಕು ನುಂಗಿ, "ಸಕ್ರಿ ಕಡಿಮಿ" ಎಂದ. ಆಮೇಲೆ ನನ್ನನ್ನೇ ನೋಡುತ್ತಾ ಕೇಳಿದ: "ಕಾಕಾಗ ಹೇಳಿಲ್ಲಲ್ಲ?"

ಇಲ್ಲ ಎಂದೆ. ನಕ್ಕ.

ಅವನು ತೀರಿಕೊಂಡ ಮೇಲೆ ಬಂದ ಅಮಾವಾಸ್ಯೆಗೆ ನಾನು ವೈರು ಕೀಳಲಿಲ್ಲ. ಮಾವನವರು ಒತ್ತಿ ಒತ್ತಿ ಕುಂಕುಮ ಹಚ್ಚಿದರು. ಐಕಾನುಗಳು ಮರೆಯಾಗಲಿ, ಅವನನ್ನು ಕರೆಸಲು ಮತ್ತೊಂದು ನೆಪ ಸಿಗಲಿ ಎಂಬಂತೆ ನೋಡುತ್ತಾ ನಿಂತೆ. ಒಂದೂ ಅಲುಗಲಿಲ್ಲ.