ಬೇರು ತಿಂದ ಹುಳ

ನಿನ್ನೆ ಸಂಜೆ ಮಳೆ ನಿಂತ ಮೇಲೆ ಜಗುಲಿಯ ಗೋಡೆಯ ಮೇಲೆ ಒಂದು ದೊಡ್ಡ ಹುಳ ಕೂತಿತ್ತು. ನನ್ನ ಬೆರಳಿಗಿಂತ ಉದ್ದ, ಕಂದು ಮೈ, ಗರಗಸದ ಅಂಚಿನಂಥ ಎರಡು ನೀಳ ಮೀಸೆ. ಪೊರಕೆಯಿಂದ ತಳ್ಳಿದಾಗ ಕಿರ್ರ್ ಎಂದಿತು. ಆ ಸದ್ದಿಗೆ, ಅತ್ತೆಯ ಪಕ್ಕದ ಮನೆಯಲ್ಲಿದ್ದ ಸಣ್ಣಮ್ಮ ನೆನಪಾದಳು.

ಅತ್ತೆಯ ಊರು ರಾಯದುರ್ಗ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮಡಕಶಿರಾದ ನನ್ನ ತವರಿನಲ್ಲಿ ತಾಯಿ ಇರಲಿಲ್ಲವಾದ್ದರಿಂದ ಚೊಚ್ಚಲ ಹೆರಿಗೆ ಅತ್ತೆಯ ಮನೆಯಲ್ಲೇ ಆಗಿತ್ತು. ಸಣ್ಣಮ್ಮ ನಮಗೆ ನೆಂಟಳಲ್ಲ, ಓಣಿಯವರೆಲ್ಲ ಹಾಗೆ ಕರೆಯುತ್ತಿದ್ದರು. ಗಂಡನಿಲ್ಲದ ಒಂಟಿ ಹೆಂಗಸು, ಮಹಾ ಪುಕ್ಕಲು. ಹಲ್ಲಿ ಲೊಚಗುಟ್ಟಿದರೂ ಬೆಚ್ಚುವಳು. ಬಾವಿಗೆ ಬಗ್ಗಲು ಹೆದರಿ ಬೇರೆಯವರಿಂದ ನೀರು ಸೇದಿಸಿಕೊಳ್ಳುತ್ತಿದ್ದಳು.

ನಾನು ಮಲಗುತ್ತಿದ್ದ ಬಾಣಂತಿ ಕೋಣೆಯ ಗೋಡೆಗೆ ಹೊಂದಿಕೊಂಡೇ ಹಳೆಯ ಹುಣಸೆಮರವಿತ್ತು. ಮೊದಲ ಮಳೆ ಬಿದ್ದದ್ದೇ ಅದರ ಬುಡದ ಮಣ್ಣು ತೂತು ಮಾಡಿಕೊಂಡು ಇಂಥವೇ ಹುಳಗಳು ಎದ್ದವು. ಸಣ್ಣಮ್ಮ ಕೋಲಿನಿಂದ ಕೆದಕಿ ನೋಡಿದಳು. ಬೇರು ಪುಡಿಪುಡಿಯಾಗಿ ಬಂತು. ಒಳಗೆ ಹೆಬ್ಬೆರಳ ಗಾತ್ರದ ಬಿಳಿ ಮರಿಹುಳಗಳು.

“ಅಕ್ಕಾ, ಬೇರೆಲ್ಲಾ ತಿಂದು ಹಾಕ್ಯಾವ್ರಿ. ಕೂಸಿರೋ ಮನಿ, ಮರ ಕಡಿಸಿಬಿಡ್ರಿ,” ಎಂದು ಅತ್ತೆಗೆ ಹೇಳಿದಳು.

ಅತ್ತೆ ನಕ್ಕುಬಿಟ್ಟರು. “ತುದಿತನಕ ಹಸಿರೈತಿ. ಹೂ ಬಿಟ್ಟ ಮರ ಯಾಕ ಕಡಸ್ಬೇಕು? ನಿನಗ ಯಾವುದಕ್ಕ ಅಂಜಿಕಿ ಇಲ್ಲ ಹೇಳು!”

ನನಗೆ ಮಾತ್ರ ನಗು ಬರಲಿಲ್ಲ. ಹಗಲಲ್ಲೂ ಮಂಚದ ಕೆಳಗೆ, ನೆಲದೊಳಗೆ, ಯಾರೋ ಮೆಲ್ಲಗೆ ಅಗಿಯುತ್ತಿರುವಂತೆ ಅನ್ನಿಸುತ್ತಿತ್ತು. ಬಾಯಿಬಿಟ್ಟು ಹೇಳಲು ಹೊಸ ಸೊಸೆಗೆ ಧೈರ್ಯವೆಲ್ಲಿ...

ಆಷಾಢದ ಗಾಳಿ ಶುರುವಾಯಿತು. ಒಂದು ಮಧ್ಯಾಹ್ನ ಸಣ್ಣಮ್ಮ ಬಾಗಿಲು ದೂಡಿಕೊಂಡು ಬಂದಳು. ತೊಟ್ಟಿಲಿನಿಂದ ನನ್ನ ಮಗುವನ್ನು ಬಾಚಿಕೊಂಡು ಹೊರಗೆ ಓಡಿದಳು.

ಹೆಂಗಸಿಗೆ ಬುದ್ಧಿ ಕೆಟ್ಟಿದೆ, ಮಗುವನ್ನು ಏನು ಮಾಡುತ್ತಾಳೋ ಎಂದು ಕಿರುಚುತ್ತಾ ಬೆನ್ನಟ್ಟಿದೆ. “ಹಿಡೀರಿ ಅಕೀನ್ನ!” ಎಂದು ಅತ್ತೆಯೂ ಹಿಂದೆಯೇ ಓಡಿಬಂದರು. ಓಣಿಯ ತಿರುವು ಮುಟ್ಟುವಷ್ಟರಲ್ಲಿ ಬೆನ್ನ ಹಿಂದೆ ದಪ್ಪ ಬಟ್ಟೆ ಹರಿದಂಥ ಸದ್ದು. ತಿರುಗಿದರೆ ಹುಣಸೆಮರ ಬಾಣಂತಿ ಕೋಣೆಯ ಮೇಲೆ ಬಿದ್ದಿತ್ತು. ಮಂಚವೂ ಇಲ್ಲ, ತೊಟ್ಟಿಲೂ ಇಲ್ಲ... ಬರೀ ಮಣ್ಣು, ಎಲೆ, ಧೂಳು.

ಸಣ್ಣಮ್ಮ ಯಾರದೋ ಮನೆಯ ಕಟ್ಟೆಯ ಮೇಲೆ ಕುಸಿದಿದ್ದಳು. ಮಗುವನ್ನು ಬಿಡಲು ಅವಳ ಬೆರಳುಗಳಿಗೇ ಆಗುತ್ತಿರಲಿಲ್ಲ. ಅತ್ತೆ ಅಳುತ್ತಾ ಒಂದೊಂದೇ ಬೆರಳು ಬಿಡಿಸಿದರು.

“ಬುಡದಾಗ ನೆಲ ಏಳಾಕತ್ತಿತ್ತವ್ವಾ,” ಎಂದಳು ನನಗೆ. “ಹೇಳಿದ್ರ ನೀವ್ಯಾರೂ ಏಳ್ತಿದ್ದಿಲ್ಲ. ಕೂಸು ಎತ್ತಿಕೊಂಡ್ರ ಎಲ್ಲಾರೂ ಬರ್ತೀರಿ ಅಂತ...”

ಅದಾದ ಮೇಲೆ ಅವಳು ಹೆಚ್ಚು ಕಾಲ ಉಳಿಯಲಿಲ್ಲ. ಮುಂದಿನ ಚಳಿಗಾಲದ ಜ್ವರದಲ್ಲಿ ಹೋಗಿಬಿಟ್ಟಳು.

ಅಂದಿನ ಆ ಕೂಸಿಗೆ ಈಗ ತಲೆ ನರೆತಿದೆ. ನಿನ್ನೆ ಇದನ್ನೆಲ್ಲ ಹೇಳಿದಾಗ, “ಆಕಿ ನೋಡಾಕ ಹ್ಯಾಂಗಿದ್ಳವ್ವಾ?” ಎಂದು ಕೇಳಿದ. ನೆನೆಯಲು ನೋಡಿದೆ. ಮುಖ ಬರಲೊಲ್ಲದು... ಧೂಳಿನಲ್ಲಿ ಬಾಗಿ ಓಡುತ್ತಿರುವ ಒಂದು ಬೆನ್ನು ಮಾತ್ರ ಕಾಣುತ್ತದೆ.